ಗಡಿ ಎಲ್ಲೋ, ದಂಡು ಇಲ್ಲಿ: ಪುಣೆಯಿಂದ ನೋಡಿದ ಭಾರತೀಯ ಸೇನೆ

ಹುಬ್ಬಳ್ಳಿ, ಬೆಳಗಾವಿ, ವಿಜಯಪುರಗಳ ಕಡೆಯಿಂದ ಓದಿಗೋ ನೌಕರಿಗೋ ಪುಣೆಗೆ ಬಂದು ನೆಲೆಸಿದ ಕನ್ನಡಿಗರಲ್ಲಿ ಹಲವರಿಗೆ ಮೊದಮೊದಲು ಕಾಡುವ ಸೋಜಿಗ ಒಂದಿದೆ. ಪಾಕಿಸ್ತಾನದ ಗಡಿ ಇಲ್ಲಿಂದ ನೂರಾರು ಕಿಲೋಮೀಟರ್ ಆಚೆಗಿದೆ, ಚೀನಾದ ಗಡಿಯಂತೂ ಇನ್ನೂ ದೂರ, ಸಮುದ್ರ ಕಾಣಬೇಕೆಂದರೂ ಘಟ್ಟ ಇಳಿಯಬೇಕು. ಹೀಗಿದ್ದೂ ಊರಿನ ಯಾವ ದಿಕ್ಕಿಗೆ ಹೋದರೂ ಒಂದಲ್ಲ ಒಂದು ಮಿಲಿಟರಿ ಕಾಂಪೌಂಡು, ಕಾವಲಿನ ಗೇಟು ಎದುರಾಗುತ್ತದೆ. ಕ್ಯಾಂಪಿನಲ್ಲಿ ಭೂಸೇನೆಯ ದಕ್ಷಿಣ ಕಮಾಂಡಿನ ಪ್ರಧಾನ ಕಚೇರಿ, ವಾನವಡಿಯಲ್ಲಿ ಸೇನಾ ವೈದ್ಯಕೀಯ ಕಾಲೇಜು, ಖಡಕಿಯಲ್ಲಿ ಬಾಂಬೆ ಸ್ಯಾಪರ್ಸ್ ಎಂಬ ಎಂಜಿನಿಯರ್ ಪಡೆ ಮತ್ತು ಮದ್ದುಗುಂಡಿನ ಕಾರ್ಖಾನೆ, ದಾಪೋಡಿಯಲ್ಲಿ ಸೇನಾ ಎಂಜಿನಿಯರಿಂಗ್ ಕಾಲೇಜು, ಲೋಹಗಾಂವ್‌ನಲ್ಲಿ ವಾಯುಪಡೆಯ ಸುಖೋಯ್ ವಿಮಾನಗಳು, ಪಾಷಾಣದಲ್ಲಿ ಶಸ್ತ್ರ ಸಂಶೋಧನಾಲಯ, ಖಡಕ್‌ವಾಸ್ಲಾದಲ್ಲಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿ. ಶತ್ರುವೇ ಇಲ್ಲದ ಜಾಗದಲ್ಲಿ ಇಷ್ಟೊಂದು ಸೇನೆ ಏಕೆ ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ, ಸೇನೆ ಎಂದರೆ ಏನು, ಅದು ಯಾರ ಮಾತು ಕೇಳುತ್ತದೆ, ಯಾಕೆ ಕೇಳುತ್ತದೆ ಎಂಬುದೂ ಜೊತೆಗೇ ತಿಳಿಯುತ್ತ ಬರುತ್ತದೆ.

ಪುಣೆಗೆ ದಂಡು ಬಂದದ್ದು ಗಡಿ ಕಾಯುವುದಕ್ಕಲ್ಲ, ಪುಣೆಯನ್ನೇ ಕಾಯುವುದಕ್ಕೆ. 1817ರ ನವೆಂಬರ್ 5ರಂದು ಖಡಕಿಯ ಬಯಲಿನಲ್ಲಿ ಪೇಶ್ವೆ ಎರಡನೆಯ ಬಾಜೀರಾಯನ ಪಡೆಗೂ ಈಸ್ಟ್ ಇಂಡಿಯಾ ಕಂಪನಿಯ ಪಡೆಗೂ ಕಾಳಗ ನಡೆದು, ಕೆಲವೇ ದಿನಗಳಲ್ಲಿ ಊರು ಕಂಪನಿಯ ವಶವಾಯಿತು. ಪೇಶ್ವೆಗಳ ರಾಜಧಾನಿಯಾಗಿದ್ದ ಊರನ್ನು ಅಂಕೆಯಲ್ಲಿ ಇಟ್ಟುಕೊಳ್ಳಲು ಹಳೆಯ ಪೇಠೆಗಳಿಂದ ಹೊರಗೆ, ಬಯಲು ಜಾಗದಲ್ಲಿ, ಹೊಸ ಆಡಳಿತಗಾರರು ತಮ್ಮ ಸಿಪಾಯಿಗಳನ್ನು ನೆಲೆಗೊಳಿಸಿದರು. ಹವೆ ತಂಪು, ಮುಂಬೈಗೆ ಹತ್ತಿರ; 1863ರಲ್ಲಿ ರೈಲು ಭೋರ್ ಘಾಟ್ ಹತ್ತಿದ ಮೇಲಂತೂ ಬಂದರಿನಿಂದ ಸೈನಿಕರನ್ನೂ ಸಾಮಾನನ್ನೂ ತರಿಸಿಕೊಳ್ಳುವುದು ಸಲೀಸಾಯಿತು. ಬೆಂಗಳೂರು, ಬೆಳಗಾವಿ, ಸಿಕಂದರಾಬಾದುಗಳ ದಂಡು ಪ್ರದೇಶಗಳು ಹುಟ್ಟಿದ್ದೂ ಹೆಚ್ಚುಕಡಿಮೆ ಇದೇ ಲೆಕ್ಕಾಚಾರದಲ್ಲಿ. ಒಳನಾಡಿನಲ್ಲಿ ಇಂದಿಗೂ ಉಳಿದಿರುವ ಈ ದಂಡುಗಳ ನಕಾಶೆ, ಹೊರಗಿನ ಶತ್ರುವಿಗಿಂತ ಒಳಗಿನ ಪ್ರಜೆಗೆ ಹೆದರಿದ ಸರ್ಕಾರವೊಂದು ಬಿಟ್ಟುಹೋದ ಗುರುತು.

ಆಗ ಭಾರತದಲ್ಲಿ ಇದ್ದದ್ದು ಒಂದು ಸೇನೆಯಲ್ಲ, ಮೂರು. ಬಂಗಾಳ, ಮದರಾಸು, ಮುಂಬಯಿ ಪ್ರೆಸಿಡೆನ್ಸಿಗಳಿಗೆ ಬೇರೆಬೇರೆ ಪಡೆ, ಬೇರೆ ದಂಡನಾಯಕ, ಬೇರೆ ನೇಮಕಾತಿ. 1857ರಲ್ಲಿ ಬಂಗಾಳದ ಸೇನೆ ಬಹುಮಟ್ಟಿಗೆ ತಿರುಗಿ ಬಿದ್ದಾಗ ಉಳಿದೆರಡು ಸೇನೆಗಳು ಹೆಚ್ಚಾಗಿ ಕದಲಲಿಲ್ಲ ಎಂಬುದನ್ನು ಬ್ರಿಟಿಷರು ಚೆನ್ನಾಗಿ ಗಮನಿಸಿದರು. ಸೇನೆಯನ್ನು ಹೇಗೆ ಮರುಕಟ್ಟಬೇಕೆಂದು ಪರಿಶೀಲಿಸಿದ 1859ರ ಪೀಲ್ ಆಯೋಗದ ನಂತರ ತೋಪುಖಾನೆಯನ್ನು ಬಹುತೇಕ ಗೋರರ ಕೈಯಲ್ಲೇ ಇರಿಸಿಕೊಳ್ಳಲಾಯಿತು. ಭಾರತೀಯ ಸಿಪಾಯಿಗಳ ಸಂಖ್ಯೆಗೆ ತಕ್ಕಂತೆ ಯುರೋಪಿಯನ್ ಸೈನಿಕರಿರಬೇಕೆಂಬ ಪ್ರಮಾಣ ನಿಗದಿಯಾಯಿತು. ಜಾತಿ, ಮತ, ಪ್ರದೇಶಗಳ ಗುಂಪುಗಳು ಒಂದನ್ನೊಂದು ತೂಗುವಂತೆ ಪಲ್ಟನ್‌ಗಳನ್ನು ಕಟ್ಟಲಾಯಿತು. ಮುಂದೆ ಕೆಲವು ಸಮುದಾಯಗಳಷ್ಟೇ ಹುಟ್ಟಾ ಯೋಧರು ಎಂಬ ವಾದ ತಲೆಯೆತ್ತಿತು. ಆ ವಾದದ ಪೊಳ್ಳುತನ ತಿಳಿಯಲು ಪುಣೆಯವರು ಬಹಳ ದೂರ ಹೋಗಬೇಕಾಗಿಲ್ಲ. 1818ರ ಜನವರಿ 1ರಂದು ಭೀಮಾ ತೀರದ ಕೋರೆಗಾಂವ್‌ನಲ್ಲಿ ಕಂಪನಿಯ ಪರ ಕಾದಾಡಿದವರಲ್ಲಿ ಮಹಾರ್ ಸಿಪಾಯಿಗಳು ದೊಡ್ಡ ಸಂಖ್ಯೆಯಲ್ಲಿದ್ದರು; ಅದೇ ಮಹಾರರನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಸೇನೆಗೆ ಸೇರಿಸಿಕೊಳ್ಳುವುದನ್ನೇ ನಿಲ್ಲಿಸಲಾಯಿತು. ಸೇನೆಯಲ್ಲಿ ಸುಬೇದಾರರಾಗಿದ್ದ ರಾಮಜಿ ಸಕ್ಪಾಳರ ಮಗ ಭೀಮರಾವ್ ಅಂಬೇಡ್ಕರರು ಈ ಅನ್ಯಾಯದ ವಿರುದ್ಧ ದನಿ ಎತ್ತಿದವರಲ್ಲಿ ಪ್ರಮುಖರು. ಎರಡನೆಯ ಮಹಾಯುದ್ಧದ ಒತ್ತಡದಲ್ಲಿ ಸರ್ಕಾರ ಮಣಿದು, 1941ರ ಅಕ್ಟೋಬರಿನಲ್ಲಿ ಮಹಾರ್ ರೆಜಿಮೆಂಟನ್ನು ಕಟ್ಟಿದಾಗ ಅದರ ಮೊದಲ ಬೆಟಾಲಿಯನ್ ಎದ್ದುನಿಂತದ್ದು ಬೆಳಗಾವಿಯಲ್ಲಿ.

ಮೂರು ಪ್ರೆಸಿಡೆನ್ಸಿ ಸೇನೆಗಳು 1895ರ ಏಪ್ರಿಲ್ 1ರಂದು ಒಂದಾದವು. ಇಂದಿನ ದಕ್ಷಿಣ ಕಮಾಂಡು ತನ್ನ ಹುಟ್ಟುಹಬ್ಬವನ್ನು ಎಣಿಸುವುದು ಅದೇ ದಿನದಿಂದ.

ಹಾಗಾದರೆ ಕಮಾಂಡು ಎಂದರೆ ಏನು? ಸೇನೆಯ ಕಟ್ಟಡವನ್ನು ಕೆಳಗಿನಿಂದ ನೋಡುತ್ತ ಬರುವುದು ಸುಲಭ. ಕಾಲಾಳುಗಳ ಒಂದು ಸೆಕ್ಷನ್‌ನಲ್ಲಿ ಸುಮಾರು ಹತ್ತು ಮಂದಿ. ಅಂಥ ಕೆಲವು ಸೆಕ್ಷನ್‌ಗಳು ಸೇರಿ ಒಂದು ಪ್ಲಟೂನ್, ಪ್ಲಟೂನ್‌ಗಳು ಸೇರಿ ಕಂಪನಿ, ಕಂಪನಿಗಳು ಸೇರಿ ಸುಮಾರು ಎಂಟುನೂರು ಜನರ ಬೆಟಾಲಿಯನ್. ಜವಾನನೊಬ್ಬ ‘ನನ್ನ ಪಲ್ಟನ್’ ಎಂದು ಅಭಿಮಾನದಿಂದ ಹೇಳುವುದು ಈ ಬೆಟಾಲಿಯನ್ನಿಗೆ. ಅವನ ನಿಷ್ಠೆ, ಸ್ನೇಹ, ಜಗಳ, ಊಟ ಎಲ್ಲವೂ ಇದರೊಳಗೇ. ಇಲ್ಲಿಂದ ಮೇಲಕ್ಕೆ ಬ್ರಿಗೇಡ್, ಡಿವಿಷನ್, ಕೋರ್ ಎಂದು ಏರುತ್ತ ಹೋಗಿ, ಎಲ್ಲಕ್ಕೂ ಮೇಲೆ ಕಮಾಂಡು. ಸುಮಾರು 12 ಲಕ್ಷ ಮಂದಿಯ ನಮ್ಮ ಭೂಸೇನೆಯಲ್ಲಿ ಅಂಥ ಕಮಾಂಡುಗಳು ಏಳು. ಅವುಗಳಲ್ಲಿ ಶಿಮ್ಲಾದ್ದು ತರಬೇತಿಗೆ ಮೀಸಲಾದದ್ದು, ಉಳಿದ ಆರೂ ಒಂದೊಂದು ಭೂಪ್ರದೇಶದ ಹೊಣೆ ಹೊತ್ತವು. ನೌಕಾಪಡೆಗೆ ಮುಂಬೈ, ವಿಶಾಖಪಟ್ಟಣ, ಕೊಚ್ಚಿಗಳಲ್ಲಿ ಮೂರು ಕಮಾಂಡುಗಳಿವೆ. ವಾಯುಪಡೆಗೆ ಏಳು, ಅದರಲ್ಲಿ ತರಬೇತಿಯದ್ದು ನಮ್ಮ ಬೆಂಗಳೂರಿನಲ್ಲಿದೆ. ಮುಂಚೂಣಿಯ ಕಂಪನಿಗೆ ತನ್ನೆದುರಿನ ದಿಬ್ಬ ಕಂಡರೆ ಸಾಕು. ಆ ದಿಬ್ಬದಲ್ಲಿ ಯಾರನ್ನು, ಎಷ್ಟು ದಿನ, ಯಾವ ಸಾಮಗ್ರಿಯೊಡನೆ ಇರಿಸಬೇಕು, ಅವರ ಬೆನ್ನಿಗೆ ಯಾರಿರಬೇಕು ಎಂಬುದನ್ನು ಮೊದಲೇ ಯೋಚಿಸಿಟ್ಟಿರುವುದು ಕಮಾಂಡಿನ ಕೆಲಸ.

ಪುಣೆಯ ಕಚೇರಿಯ ಕೈ ಎಷ್ಟು ದೂರ ಚಾಚುತ್ತದೆ ಎಂಬುದಕ್ಕೆ 1971ರ ಲೋಂಗೆವಾಲಾ ಒಳ್ಳೆಯ ಉದಾಹರಣೆ. ಡಿಸೆಂಬರ್ 4ರ ರಾತ್ರಿ ಜೈಸಲ್ಮೇರಿನ ಮರುಭೂಮಿಯ ಆ ಠಾಣೆಯಲ್ಲಿ ಮೇಜರ್ ಕುಲದೀಪ್ ಸಿಂಗ್ ಚಾಂದ್‌ಪುರಿಯವರ ಕೈಕೆಳಗೆ ಪಂಜಾಬ್ ರೆಜಿಮೆಂಟಿನ ಒಂದು ಕಂಪನಿ ಮಾತ್ರ ಇತ್ತು. ಪಾಕಿಸ್ತಾನದ ಟ್ಯಾಂಕುಗಳ ದಂಡನ್ನು ಅವರು ಬೆಳಗಿನ ತನಕ ತಡೆದು ನಿಲ್ಲಿಸಿದರು. ಬೆಳಕು ಹರಿದೊಡನೆ ಜೈಸಲ್ಮೇರಿನಿಂದ ಹಾರಿಬಂದ ವಾಯುಪಡೆಯ ಹಂಟರ್ ವಿಮಾನಗಳು ಟ್ಯಾಂಕುಗಳನ್ನು ಒಂದೊಂದಾಗಿ ಹೊಡೆದು ಹಾಕಿದವು. ಆ ಮರುಭೂಮಿ ಇದ್ದದ್ದು ದಕ್ಷಿಣ ಕಮಾಂಡಿನ ಹೊಣೆಯಲ್ಲಿ. ಅದರ ಮುಖ್ಯಸ್ಥರಾಗಿದ್ದವರು, ಮುಂದೆ ಭೂಸೇನೆಯ ಮುಖ್ಯಸ್ಥರೂ ಆದ ಲೆಫ್ಟಿನೆಂಟ್ ಜನರಲ್ ಜಿ.ಜಿ. ಬೇವೂರ. ಅದಕ್ಕೂ ಮುಂಚೆ ಇದೇ ಕಮಾಂಡು ಕನ್ನಡ ನಾಡಿನ ಚರಿತ್ರೆಯನ್ನೇ ನೇರವಾಗಿ ತಿರುಗಿಸಿತ್ತು. 1948ರ ಸೆಪ್ಟೆಂಬರ್ 13ರಂದು ಮೇಜರ್ ಜನರಲ್ ಜೆ.ಎನ್. ಚೌಧುರಿಯವರ ಮುಖ್ಯ ಪಡೆ ಸೋಲಾಪುರದ ಕಡೆಯಿಂದ ನಿಜಾಮನ ಸೀಮೆಗೆ ನುಗ್ಗಿತು; ಕಲಬುರಗಿ, ಬೀದರ್, ರಾಯಚೂರುಗಳು ಸೆಪ್ಟೆಂಬರ್ 17ರಂದು ಇಂದಿಗೂ ವಿಮೋಚನೆಯ ದಿನವನ್ನು ಆಚರಿಸುವುದು ಆ ಕಾರ್ಯಾಚರಣೆಯ ಫಲವಾಗಿ. ಅದೇ ಚೌಧುರಿ 1961ರ ಡಿಸೆಂಬರಿನಲ್ಲಿ ದಕ್ಷಿಣ ಕಮಾಂಡಿನ ಮುಖ್ಯಸ್ಥರಾಗಿದ್ದಾಗ ಗೋವಾ ವಿಮೋಚನೆಯಾಯಿತು. ಭೂಸೇನೆಗೆ ಬೆಳಗಾವಿ ನೆಲೆಯಾಯಿತು. ನೌಕಾಪಡೆ ಕಾರವಾರದೆದುರಿನ ಅಂಜುದೀವಿಗೆ ಇಳಿದು, ಆ ಪುಟ್ಟ ನಡುಗಡ್ಡೆಯಲ್ಲಿ ಏಳು ಮಂದಿ ನಾವಿಕರನ್ನು ಕಳೆದುಕೊಂಡಿತು. ಡಿಸೆಂಬರ್ 19ಕ್ಕೆ ಪೋರ್ತುಗೀಜ್ ಗವರ್ನರ್ ಜನರಲ್ ಶರಣಾದರು.

ಯುದ್ಧದ ಕಥೆಗಳಲ್ಲಿ ಗುಂಡು ಹಾರಿಸಿದವರ ಹೆಸರು ಉಳಿಯುತ್ತದೆ, ದಾರಿ ಮಾಡಿಕೊಟ್ಟವರದು ಅಷ್ಟಾಗಿ ಉಳಿಯುವುದಿಲ್ಲ. ಖಡಕಿಯ ಬಾಂಬೆ ಸ್ಯಾಪರ್ಸ್ ಈ ಎರಡನೆಯ ಬಗೆಯವರು. ಸೇತುವೆ ಕಟ್ಟುವುದು, ಶತ್ರು ಬರುವ ಮುನ್ನ ಅದೇ ಸೇತುವೆ ಮುರಿಯುವುದು, ನೆಲಬಾಂಬು ಹುದುಗಿಸುವುದು, ಹುದುಗಿಸಿದ್ದನ್ನು ಕೀಳುವುದು, ಬೆಟ್ಟದಲ್ಲಿ ರಸ್ತೆ ಕಡಿಯುವುದು, ಇಂಥವೇ ಅವರ ಕಸುಬು. ಬೆಂಗಳೂರಿನಲ್ಲಿ ಮದ್ರಾಸ್ ಸ್ಯಾಪರ್ಸ್, ರೂರ್ಕಿಯಲ್ಲಿ ಬಂಗಾಳದ ಸ್ಯಾಪರ್ಸ್ ಇದ್ದಂತೆ ಇಲ್ಲಿ ಇವರು; ಹಳೆಯ ಮೂರು ಸೇನೆಗಳ ಗುರುತು ಈ ಹೆಸರುಗಳಲ್ಲಿ ಇನ್ನೂ ಉಳಿದುಕೊಂಡಿದೆ. ಕಾರವಾರದ ಬಳಿಯ ಚೆಂಡಿಯಾ ಮೂಲದ ರಾಮ ರಾಘೋಬಾ ರಾಣೆ ಇದೇ ಪಡೆಗೆ ಸೇರಿದವರು. 1948ರ ಏಪ್ರಿಲಿನಲ್ಲಿ ಜಮ್ಮು ಪ್ರಾಂತ್ಯದ ನೌಶೇರಾದಿಂದ ರಜೌರಿಗೆ ಟ್ಯಾಂಕುಗಳು ಹೋಗಬೇಕಿತ್ತು. ದಾರಿಯಲ್ಲಿ ನೆಲಬಾಂಬುಗಳಿದ್ದವು, ಕಡಿದು ಉರುಳಿಸಿದ ಪೈನ್ ಮರಗಳು ಅಡ್ಡ ಬಿದ್ದಿದ್ದವು, ಎರಡೂ ಬದಿಯ ಗುಡ್ಡಗಳಲ್ಲಿ ಬಂದೂಕುಗಳಿದ್ದವು. ಏಪ್ರಿಲ್ 8ರಂದು ಕೆಲಸ ಆರಂಭಿಸುವ ಹೊತ್ತಿಗೇ ಮಾರ್ಟರ್ ಗುಂಡು ಬಿದ್ದು ಅವರ ತಂಡದ ಇಬ್ಬರು ಸತ್ತರು, ರಾಣೆಯವರೂ ಸೇರಿದಂತೆ ಐವರು ಗಾಯಗೊಂಡರು. ಗಾಯಕ್ಕೆ ಪಟ್ಟಿ ಸುತ್ತಿಕೊಂಡು ಅವರು ಮತ್ತೆ ಕೆಲಸಕ್ಕಿಳಿದರು. ಗುಂಡಿನ ಮಳೆ ತೀರ ಜೋರಾದ ಕಡೆ ಟ್ಯಾಂಕಿನ ಅಡಿಯಲ್ಲೇ ಮಲಗಿ, ಟ್ಯಾಂಕು ಅಂಗುಲ ಅಂಗುಲ ಮುಂದೆ ಸರಿದಂತೆ ತಾವೂ ತೆವಳುತ್ತ ನೆಲಬಾಂಬುಗಳನ್ನು ಕಿತ್ತರು. ಮರಗಳನ್ನು ಸಿಡಿಮದ್ದಿಟ್ಟು ಹಾರಿಸಿದರು. ರಸ್ತೆ ಕುಸಿದಲ್ಲಿ ಬದಲು ದಾರಿ ಕಡಿದರು. ಹೀಗೆ ದಿನಗಟ್ಟಲೆ ನಡೆಯಿತು. ಏಪ್ರಿಲ್ 12ರಂದು ನಮ್ಮ ಪಡೆ ರಜೌರಿ ತಲುಪಿತು. ಬದುಕಿದ್ದು ಪರಮವೀರ ಚಕ್ರ ಪಡೆದವರಲ್ಲಿ ರಾಣೆಯವರೇ ಮೊದಲಿಗರು. ಅವರು ತೀರಿಕೊಂಡದ್ದು 1994ರಲ್ಲಿ, ಪುಣೆಯಲ್ಲಿ. ಅವರ ಹೋರಾಟದಲ್ಲಿ ಎದುರಾಳಿಗೆ ಗುರಿಯಿಟ್ಟ ಪ್ರಸಂಗಕ್ಕಿಂತ ಮಣ್ಣು ಕೆದಕಿದ ಪ್ರಸಂಗಗಳೇ ಹೆಚ್ಚು ಎಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ.

ಪುಣೆಯ ಉಳಿದ ಸಂಸ್ಥೆಗಳೂ ಇದೇ ಸಾಲಿಗೆ ಸೇರುತ್ತವೆ. ಗಾಯಗೊಂಡವನನ್ನು ಉಳಿಸುವ ವೈದ್ಯರು 1948ರಲ್ಲಿ ಆರಂಭವಾದ ವಾನವಡಿಯ ಕಾಲೇಜಿನಿಂದ ಬರುತ್ತಾರೆ. ಕಾರ್ಗಿಲ್‌ನಲ್ಲಿ ಬಳಕೆಯಾದ ಪಿನಾಕ ರಾಕೆಟ್ ವ್ಯವಸ್ಥೆ ರೂಪುಗೊಂಡದ್ದು ಪಾಷಾಣದಲ್ಲಿ. ಖಡಕಿಯ ಮದ್ದುಗುಂಡಿನ ಕಾರ್ಖಾನೆ 1869ರಿಂದಲೂ ನಡೆಯುತ್ತಿದೆ. ಗಡಿಯಲ್ಲಿ ಕಾವಲು ನಿಂತ ಒಬ್ಬನ ಹಿಂದೆ ಅವನ ರೇಷನ್ನು, ಬೂಟು, ಔಷಧ, ಪತ್ರ, ಮದ್ದುಗುಂಡು, ಬಿಡಿಭಾಗಗಳನ್ನು ತಲುಪಿಸುವ ಹಲವರು ಇರಲೇಬೇಕು. ಮದುವೆ ಮನೆಯಲ್ಲಿ ಪಂಕ್ತಿಗೆ ಬಡಿಸುವವರು ಕಣ್ಣಿಗೆ ಕಂಡರೂ ಊಟ ನಡೆಯುವುದು ಹಿತ್ತಲಿನ ಒಲೆಯ ಬಲದಲ್ಲಿ. ಇಂಥ ಕೆಲಸಕ್ಕೆ ಗಡಿಯಿಂದ ದೂರವಿರುವುದೇ ಅನುಕೂಲ. ಊರಿನ ಮೇಲೆ ಕಣ್ಣಿಡಲು ಹಾಕಿದ ದಂಡು ಮುಂದೆ ದೇಶದ ಸೇನೆಯ ಹಿತ್ತಲಾಗಿ ಬದಲಾದದ್ದು ಹೀಗೆ.

ಖಡಕ್‌ವಾಸ್ಲಾದ ಅಕಾಡೆಮಿಗೆ ಬೇರೊಂದು ಮಹತ್ವವಿದೆ. ಎರಡನೆಯ ಮಹಾಯುದ್ಧದಲ್ಲಿ ಸುಮಾರು 25 ಲಕ್ಷ ಭಾರತೀಯರು ಸೇನೆಯಲ್ಲಿದ್ದರು. ಪೂರ್ವ ಆಫ್ರಿಕಾದ ರಣರಂಗದಲ್ಲಿ ಅವರು ಮಾಡಿದ ತ್ಯಾಗದ ನೆನಪಿಗೆ ಸುಡಾನ್ ಸರ್ಕಾರ ಒಂದು ಲಕ್ಷ ಪೌಂಡ್ ಕೊಟ್ಟಿತು. ಅಕಾಡೆಮಿಯ ಮುಖ್ಯ ಕಟ್ಟಡ ಸುಡಾನ್ ಬ್ಲಾಕ್ ಎಂದೇ ಹೆಸರಾದದ್ದು ಆ ಕಾರಣಕ್ಕೆ. 1949ರಲ್ಲಿ ನೆಹರೂ ಅಡಿಗಲ್ಲು ಹಾಕಿದ ಸಂಸ್ಥೆಯನ್ನು 1955ರ ಜನವರಿಯಲ್ಲಿ ಆಗಿನ ಮುಂಬಯಿ ಮುಖ್ಯಮಂತ್ರಿ ಮೊರಾರ್ಜಿ ದೇಸಾಯಿ ಉದ್ಘಾಟಿಸಿದರು. ಭೂಸೇನೆ, ನೌಕಾಪಡೆ, ವಾಯುಪಡೆ ಸೇರಲಿರುವ ಹುಡುಗರು ಇಲ್ಲಿ ಮೂರು ವರ್ಷ ಒಂದೇ ಸೂರಿನಡಿ ಕಲಿಯುತ್ತಾರೆ; ಮುಂದೆ ಯಾವುದೋ ರಾತ್ರಿ ಭೂಸೇನೆಯ ಅಧಿಕಾರಿ ವಾಯುಪಡೆಯ ನೆರವು ಕೇಳಬೇಕಾಗಿ ಬಂದಾಗ ಆ ಕಡೆಯ ದನಿ ಪರಿಚಿತವಾಗಿರಲಿ ಎಂಬುದು ಈ ಏರ್ಪಾಡಿನ ಆಶಯ. ಹುಡುಗಿಯರಿಗೆ ಇದರ ಬಾಗಿಲು ತೆರೆಯಲು ಸುಪ್ರೀಂ ಕೋರ್ಟಿನ 2021ರ ಆದೇಶ ಬೇಕಾಯಿತು. ಅವರ ಮೊದಲ ತಂಡ 2022ರಲ್ಲಿ ಸೇರಿತು, 2025ರ ಮೇ ತಿಂಗಳಲ್ಲಿ 17 ಮಂದಿ ತೇರ್ಗಡೆಯಾಗಿ ಹೊರಬಂದರು.

ಇನ್ನು ಇಷ್ಟು ಬಲವುಳ್ಳ ಸಂಸ್ಥೆ ಚುನಾಯಿತ ಸರ್ಕಾರದ ಮಾತನ್ನು ಯಾಕೆ ಕೇಳುತ್ತದೆ ಎಂಬ ಪ್ರಶ್ನೆ. ಇದು ತಾನಾಗಿಯೇ ಆದದ್ದಲ್ಲ. ಒಂದೇ ಸೇನೆ 1947ರಲ್ಲಿ ಎರಡಾಗಿ ಒಡೆದು, ಒಂದೇ ಬಗೆಯ ತರಬೇತಿ ಪಡೆದ ಅಧಿಕಾರಿಗಳು ಎರಡೂ ದೇಶಗಳಿಗೆ ಹಂಚಿಹೋದರು. 1958ರ ಹೊತ್ತಿಗೆ ಪಾಕಿಸ್ತಾನದಲ್ಲಿ ಜನರಲ್ ಅಯೂಬ್ ಖಾನ್ ಅಧಿಕಾರ ಹಿಡಿದರೆ ಇಲ್ಲಿ ಹಾಗಾಗಲಿಲ್ಲ. ಬ್ರಿಟಿಷರ ಕಾಲದಲ್ಲಿ ಭಾರತದ ಮಹಾದಂಡನಾಯಕ ವೈಸರಾಯ್ ನಂತರದ ಅತಿ ಪ್ರಬಲ ವ್ಯಕ್ತಿ. ಲಾರ್ಡ್ ಕಿಚನರ್ ಆ ಪದವಿಯಲ್ಲಿದ್ದು ಸೈನಿಕ ಆಡಳಿತವೆಲ್ಲ ತನ್ನ ಕೈಗೇ ಬರಬೇಕೆಂದು ಹಟ ಹಿಡಿದಾಗ, ಒಪ್ಪದ ವೈಸರಾಯ್ ಕರ್ಜನ್ನನೇ 1905ರಲ್ಲಿ ರಾಜೀನಾಮೆ ಕೊಟ್ಟು ಹೋಗಬೇಕಾಯಿತು. ಸ್ವತಂತ್ರ ಭಾರತ ಆ ಪದವಿಯ ಹಲ್ಲುಗಳನ್ನು ಒಂದೊಂದಾಗಿ ಕಿತ್ತಿತು. 1947ರಲ್ಲೇ ಮೂರೂ ಪಡೆಗಳಿಗೆ ಬೇರೆಬೇರೆ ಸರಿಸಮಾನ ಮುಖ್ಯಸ್ಥರಾದರು. ದೆಹಲಿಯಲ್ಲಿ ಮಹಾದಂಡನಾಯಕನ ಬಂಗಲೆಯಾಗಿದ್ದ ಫ್ಲ್ಯಾಗ್‌ಸ್ಟಾಫ್ ಹೌಸ್ ಪ್ರಧಾನಿಯ ಮನೆಯಾಗಿ, ತೀನ್ ಮೂರ್ತಿ ಭವನವೆಂದು ಹೆಸರಾಯಿತು. 1955ರಲ್ಲಿ ಮಹಾದಂಡನಾಯಕ ಎಂಬ ಹುದ್ದೆಯ ಹೆಸರನ್ನೇ ತೆಗೆದುಹಾಕಲಾಯಿತು. ಸಂವಿಧಾನದ 53ನೆಯ ವಿಧಿಯಂತೆ ಪಡೆಗಳ ಸರ್ವೋಚ್ಚ ದಂಡನಾಯಕತ್ವ ರಾಷ್ಟ್ರಪತಿಯದು. ಅದನ್ನು ನಡೆಸುವುದು ಕಾನೂನಿನ ಪ್ರಕಾರ, ಮಂತ್ರಿಮಂಡಲದ ಸಲಹೆಯಂತೆ. ಹಣ ಮಂಜೂರು ಮಾಡುವುದು ಸಂಸತ್ತು.

ಈ ವ್ಯವಸ್ಥೆಯ ಮೊದಲ ವರ್ಷಗಳಲ್ಲಿ ಇಬ್ಬರು ಕೊಡವರ ಪಾತ್ರ ದೊಡ್ಡದು. 1949ರ ಜನವರಿ 15ರಂದು ಕೆ.ಎಂ. ಕಾರ್ಯಪ್ಪನವರು ಜನರಲ್ ರಾಯ್ ಬುಚರ್ ಅವರಿಂದ ಭೂಸೇನೆಯ ಹೊಣೆ ವಹಿಸಿಕೊಂಡರು. ಆ ದಿನವೇ ಇಂದಿನ ಸೇನಾ ದಿನ. (ನೌಕಾಪಡೆಗೆ ಭಾರತೀಯ ಮುಖ್ಯಸ್ಥರು ಬಂದದ್ದು 1958ರಲ್ಲಿ, ಅಲ್ಲಿಯವರೆಗೆ ಬ್ರಿಟಿಷ್ ಅಧಿಕಾರಿಗಳೇ ಇದ್ದರು ಎಂದರೆ ಇಂದು ಹಲವರು ನಂಬುವುದಿಲ್ಲ.) 1957ರಿಂದ 1961ರವರೆಗೆ ಮುಖ್ಯಸ್ಥರಾಗಿದ್ದ ಕೆ.ಎಸ್. ತಿಮ್ಮಯ್ಯನವರ ಕಥೆ ಬೇರೆ ಪಾಠ ಹೇಳುತ್ತದೆ. ರಕ್ಷಣಾ ಸಚಿವ ಕೃಷ್ಣ ಮೆನನ್ ಅವರೊಡನೆ ಹೊಂದಿಕೆಯಾಗದೆ 1959ರಲ್ಲಿ ಅವರು ರಾಜೀನಾಮೆ ಕೊಟ್ಟರು. ನೆಹರೂ ಮನವೊಲಿಸಿದ ಮೇಲೆ ಹಿಂತೆಗೆದುಕೊಂಡರು. ಸಂಸತ್ತಿನಲ್ಲಿ ಪ್ರಧಾನಿ ಜನರಲ್ ಅವರ ನಡೆಯನ್ನೇ ಟೀಕಿಸಿದರು. ಸೇನೆ ಸರ್ಕಾರದ ಅಧೀನ ಎಂಬ ತತ್ವ ಗೆದ್ದಿತು, ನಿಜ. ಆದರೆ ಅನುಭವಿಗಳ ಮಾತನ್ನು ಬದಿಗೊತ್ತಿದ್ದರ ಬೆಲೆಯ ಒಂದು ಪಾಲನ್ನಾದರೂ ಮೂರು ವರ್ಷಗಳ ಬಳಿಕ ಚೀನಾದೊಡನೆಯ ಯುದ್ಧದಲ್ಲಿ, ಹಿಮಾಲಯದಲ್ಲಿ, ಜವಾನರು ತೆತ್ತರು. ಅಧೀನದಲ್ಲಿ ಇಟ್ಟುಕೊಳ್ಳುವುದು ಬೇರೆ, ಸಲಹೆಗೆ ಕಿವಿ ಮುಚ್ಚಿಕೊಳ್ಳುವುದು ಬೇರೆ ಎಂಬುದು 1962 ಕಲಿಸಿದ್ದು.

ಯುದ್ಧವಿಲ್ಲದ ಕಾಲದಲ್ಲಿ ಸೇನೆ ಜನರ ನಡುವೆ ಬರುವುದು ಸ್ಥಳೀಯ ಆಡಳಿತ ಕರೆದಾಗ. ಪುಣೆಯ ಹಿರಿಯರಿಗೆ 1961ರ ಜುಲೈ 12 ಮರೆತಿಲ್ಲ. ಪೂರ್ತಿಯಾಗದ ಪಾನ್‌ಶೇತ್ ಅಣೆಕಟ್ಟು ಕುಸಿಯತೊಡಗಿದಾಗ ಹಿಂದಿನ ರಾತ್ರಿಯಿಡೀ ಜವಾನರು ಮರಳಿನ ಚೀಲಗಳನ್ನು ಒಟ್ಟಿದರು; ಅಣೆಕಟ್ಟು ಒಡೆದದ್ದು ಬೆಳಕು ಹರಿದ ಮೇಲೆ. ಕೆಳಗಿನ ಖಡಕ್‌ವಾಸ್ಲಾವೂ ಒಡೆದು ನದಿಯಂಚಿನ ಪೇಠೆಗಳು ಮುಳುಗಿದವು, ಆದರೆ ಅದೇ ನೀರು ನಡುರಾತ್ರಿಯಲ್ಲಿ ನುಗ್ಗಿದ್ದರೆ ಸಾವುನೋವು ಇನ್ನೆಷ್ಟೋ ಪಟ್ಟು ಹೆಚ್ಚುತ್ತಿತ್ತು. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಸಾಂಗಲಿ, ಕೊಲ್ಹಾಪುರ, ಬೆಳಗಾವಿ ಸೀಮೆಗಳು ಜಲಾವೃತವಾದಾಗಲೂ ಸೇನೆಯ ದೋಣಿಗಳು ಬಂದವು. ಗಲಭೆಯ ವಿಷಯದಲ್ಲಿ ಕಾನೂನು ಇನ್ನೂ ಬಿಗಿ: ಗುಂಪು ಚದುರಿಸಲು ಬೇರೆ ದಾರಿಯಿಲ್ಲದಾಗ ಮ್ಯಾಜಿಸ್ಟ್ರೇಟರು ಸೇನೆಯನ್ನು ಕರೆಯಬಹುದು, ಬಂದ ಅಧಿಕಾರಿ ಆದಷ್ಟು ಕಡಿಮೆ ಬಲ ಬಳಸಬೇಕು. 1958ರ ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆ ಜಾರಿಯಿರುವ ಕಡೆ ಈ ಲಗಾಮು ಸಡಿಲ. ಅಲ್ಲಿಯೂ ಸೈನಿಕರಿಗೆ ಸಂಪೂರ್ಣ ರಕ್ಷಣೆ ಇಲ್ಲವೆಂದು ಮಣಿಪುರದ ಪ್ರಕರಣದಲ್ಲಿ 2016ರಲ್ಲಿ ಸುಪ್ರೀಂ ಕೋರ್ಟು ಹೇಳಬೇಕಾಯಿತು. ಸ್ವಂತ ಪ್ರಜೆಗಳ ನಡುವೆ ದೀರ್ಘಕಾಲ ನಿಲ್ಲುವುದು ಯಾವ ಸೇನೆಗೂ ಒಗ್ಗುವ ಕೆಲಸವಲ್ಲ.

ಈಗ ನಡೆಯುತ್ತಿರುವ ಬದಲಾವಣೆಗಳ ಬೇರು 1999ರ ಕಾರ್ಗಿಲ್ ಯುದ್ಧದಲ್ಲಿದೆ. ಆಮೇಲಿನ ಪರಿಶೀಲನೆಗಳಲ್ಲಿ, ಮೂರೂ ಪಡೆಗಳು ತಮ್ಮ ತಮ್ಮ ಯೋಜನೆಗಳನ್ನು ಬೇರೆಬೇರೆಯಾಗಿ ಮಾಡಿಕೊಳ್ಳುತ್ತಿವೆ ಎಂಬ ಕೊರತೆ ಎದ್ದು ಕಂಡಿತು. 2001ರಲ್ಲಿ ಅಂಡಮಾನ್ ಮತ್ತು ನಿಕೋಬಾರ್‌ನಲ್ಲಿ ಮೂರೂ ಪಡೆಗಳ ಮೊದಲ ಜಂಟಿ ಕಮಾಂಡು ಬಂತು. ಮೂರಕ್ಕೂ ಸೇರಿ ಒಬ್ಬ ರಕ್ಷಣಾ ಪಡೆಗಳ ಮುಖ್ಯಸ್ಥರು ಬರಲು ಮಾತ್ರ 2020ರ ಜನವರಿಯವರೆಗೆ ಕಾಯಬೇಕಾಯಿತು. ಜನರಲ್ ಬಿಪಿನ್ ರಾವತ್ ಮೊದಲಿಗರು. ಇಷ್ಟು ತಡವಾದದ್ದಕ್ಕೆ ಒಬ್ಬನ ಕೈಯಲ್ಲಿ ಮೂರೂ ಪಡೆಗಳು ಸೇರಬಾರದೆಂಬ ಹಳೆಯ ಅಂಜಿಕೆಯೂ ಒಂದು ಕಾರಣ. ಅದಕ್ಕಾಗಿಯೇ ಈ ಮುಖ್ಯಸ್ಥರು ಸರ್ಕಾರಕ್ಕೆ ಸಲಹೆ ಕೊಡುತ್ತಾರೆ, ಹೊಂದಾಣಿಕೆ ಮಾಡುತ್ತಾರೆ. ಮೂರು ಪಡೆಗಳ ಮುಖ್ಯಸ್ಥರ ಮೇಲೆ ಯುದ್ಧದ ಹುಕುಂ ನಡೆಸುವ ಅಧಿಕಾರವನ್ನು ಆ ಹುದ್ದೆಗೆ ಕೊಡಲಿಲ್ಲ. ಒಂದೊಂದು ಭೂಭಾಗಕ್ಕೆ ಮೂರೂ ಪಡೆಗಳನ್ನು ಒಬ್ಬ ದಂಡನಾಯಕನ ಕೆಳಗೆ ತರುವ ಥಿಯೇಟರ್ ಕಮಾಂಡುಗಳ ಯೋಜನೆ ಇದರ ಮುಂದಿನ ಹೆಜ್ಜೆ. ಅದು ಜಾರಿಯಾದಂತೆ ಪುಣೆಯದೂ ಸೇರಿದಂತೆ ಹಳೆಯ ಕಮಾಂಡುಗಳ ಹೊಣೆ ಹೊಸದಾಗಿ ಹಂಚಿಕೆಯಾಗಬೇಕಾಗುತ್ತದೆ.

ನೇಮಕಾತಿಯ ಬದಲಾವಣೆ ಇದಕ್ಕಿಂತ ನೇರವಾಗಿ ನಮ್ಮ ಕಡೆಯ ಮನೆಗಳನ್ನು ಮುಟ್ಟಿದೆ. ಮರಾಠಾ ಲಘು ಪದಾತಿ ದಳದ ರೆಜಿಮೆಂಟಲ್ ಕೇಂದ್ರ ಬೆಳಗಾವಿಯಲ್ಲಿದೆ, ಆ ಸೀಮೆಯಲ್ಲಿ ತಲೆಮಾರುಗಳಿಂದ ಮಿಲಿಟರಿಗೆ ಹೋಗುವ ಮನೆತನಗಳಿವೆ. ಹದಿನೈದಿಪ್ಪತ್ತು ವರ್ಷ ದುಡಿದು, ಪಿಂಚಣಿಯೊಡನೆ ಊರಿಗೆ ಮರಳಿ, ಹೊಲ ನೋಡಿಕೊಳ್ಳುವುದೋ ಪುಣೆಯಲ್ಲಿ ಸೆಕ್ಯೂರಿಟಿ ಕೆಲಸ ಹಿಡಿಯುವುದೋ ಅಲ್ಲಿನ ವಾಡಿಕೆ. 2022ರ ಜೂನ್‌ನಲ್ಲಿ ಘೋಷಣೆಯಾದ ಅಗ್ನಿಪಥ ಯೋಜನೆಯಲ್ಲಿ ಸೇವಾವಧಿ ನಾಲ್ಕು ವರ್ಷ. ಅದು ಮುಗಿದ ಮೇಲೆ ಸೇನೆಯಲ್ಲಿ ಉಳಿಯುವುದು ಹೆಚ್ಚೆಂದರೆ ನಾಲ್ಕರಲ್ಲಿ ಒಬ್ಬರು, ಉಳಿದವರಿಗೆ ಸುಮಾರು 11.71 ಲಕ್ಷ ರೂಪಾಯಿಯ ಸೇವಾನಿಧಿ, ಪಿಂಚಣಿ ಇಲ್ಲ. ಪಡೆಯ ಸರಾಸರಿ ವಯಸ್ಸು ಇಳಿಯುತ್ತದೆ, ಪಿಂಚಣಿಗೆ ಹೋಗುವ ಹಣ ಶಸ್ತ್ರಾಸ್ತ್ರಕ್ಕೆ ಉಳಿಯುತ್ತದೆ ಎಂಬುದು ಸರ್ಕಾರದ ವಾದ; ನಾಲ್ಕು ವರ್ಷದಲ್ಲಿ ಪಲ್ಟನ್ನಿನ ನಂಟು ಬೇರೂರುವುದಿಲ್ಲ, ಹೊರಬಿದ್ದವನಿಗೆ ಭದ್ರತೆ ಇಲ್ಲ ಎಂಬುದು ಅನೇಕ ಮಾಜಿ ಸೈನಿಕರ ಆಕ್ಷೇಪ. ನನ್ನ ಮಟ್ಟಿಗೆ ಪಲ್ಟನ್ನಿನ ನಂಟಿನ ಕುರಿತ ಆಕ್ಷೇಪ ಹೆಚ್ಚು ತೂಕದ್ದು; ನೌಶೇರಾದ ರಸ್ತೆಯಲ್ಲಿ ಗಾಯಾಳುಗಳ ತಂಡ ಮತ್ತೆ ಎದ್ದು ಕೆಲಸಕ್ಕಿಳಿದದ್ದು ಅಂಥ ನಂಟಿನ ಬಲದಿಂದಲೂ ಹೌದು. ಭೂಸೇನೆಯ ಮೊದಲ ಅಗ್ನಿವೀರರು ತರಬೇತಿಗೆ ಸೇರಿದ್ದು 2023ರ ಜನವರಿಯ ಸುಮಾರಿಗೆ. ಹಾಗಾಗಿ ಅವರ ನಾಲ್ಕು ವರ್ಷ ತುಂಬುವುದು 2026ರ ಕೊನೆ ಅಥವಾ 2027ರ ಆರಂಭದಲ್ಲಿ.